ಹಲ್ಲಿನ ಮೇಸ್ತ್ರಿ ಹಾಕಿದ ಬ್ರೇಕು

ನನ್ನ ಬಾಯಲ್ಲಿ ಈಗಿರುವ ಮೇಲಿನ ಸಾಲು ಹಲ್ಲಿನ ಮೇಸ್ತ್ರಿಯ ಕೈಕೆಲಸ. ಹಾಕಿಸಿಕೊಂಡು ಒಂಬತ್ತು ವರ್ಷವಾಯಿತು, ಒಂದು ದಿನವೂ ಒಸಡು ಒತ್ತಿಲ್ಲ. ಊರಿನ ದಂತವೈದ್ಯರೆಲ್ಲ ಬಾಯಿಯ ಅಚ್ಚು ತೆಗೆದು ಇವರ ಮನೆಗೇ ಕಳಿಸುತ್ತಿದ್ದರು. ಸೆಟ್ಟು ಕಟ್ಟಿಕೊಡುವುದು ಇವರ ಕೆಲಸ. ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಕಿಟಕಿಯ ಪಕ್ಕ ಬೆಂಚು, ಮೇಣ ಕರಗಿಸುವ ಸಣ್ಣ ಒಲೆ, ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಪ್ಲಾಸ್ಟರಿನ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದ ನಂಬರು. ಬೀದಿಯಲ್ಲಿ ಯಾರಾದರೂ ನಕ್ಕು ಮಾತಾಡಿಸಿದರೆ ಮೇಸ್ತ್ರಿಗೆ ಅವರ ಹೆಸರು ಹೊಳೆಯುತ್ತಿರಲಿಲ್ಲ, ನಂಬರು ಹೊಳೆಯುತ್ತಿತ್ತು.

ನಾನು ಪಕ್ಕದ ಮನೆಯವನು. ನಡುವೆ ಇರುವುದು ಎದೆಯೆತ್ತರದ ಗೋಡೆ. ಹಾಗಾಗಿ ನಾನು ಹೇಳುವುದರಲ್ಲಿ ಅರ್ಧ ಗೋಡೆಯ ಮೇಲಿನಿಂದ ಕಂಡದ್ದು, ಉಳಿದರ್ಧ ಅವರೇ ಹೇಳಿದ್ದು.

ಮೇಸ್ತ್ರಿ ಮದುವೆಯಾಗಲಿಲ್ಲ. "ನೋಡಿದ ಹುಡುಗೀರ ಮುಖ ಬಿಟ್ಟು ಹಲ್ಲು ನೋಡ್ತಾನೆ, ಇನ್ನೆಲ್ಲಿ ಮದುವೆ" ಎಂದು ಅವರ ತಮ್ಮ ಎಲ್ಲರೆದುರು ಹೇಳಿ ನಗಿಸುತ್ತಿದ್ದ. ಆ ತಮ್ಮ ವಿದ್ಯುತ್ ಕಂಪನಿಯಲ್ಲಿ ಲೈನ್‌ಮನ್. ಕಂಬ ಹತ್ತುವವನು, ಮಾತಿನ ಮಲ್ಲ, ಒಂದು ಕಡೆ ಕೂರದ ಆಸಾಮಿ. ಅವನ ಹೆಂಡತಿ ಬಟ್ಟೆ ಫ್ಯಾಕ್ಟರಿಯಲ್ಲಿ ಷರ್ಟಿನ ಕಾಲರು ಹೊಲಿಯುತ್ತಿದ್ದಳು. ಮಕ್ಕಳಿರಲಿಲ್ಲ. ಮೂವರಿಗೂ ಒಂದೇ ಮನೆ, ಒಂದೇ ಒಲೆ. ಮೇಸ್ತ್ರಿಗೆ ಅವಳು "ಭಾವ, ಊಟಕ್ಕೆ ಬನ್ನಿ" ಅನ್ನುವವರೆಗೂ ಹಸಿವಾಗಿದೆ ಎಂದು ಗೊತ್ತಾಗುತ್ತಿರಲಿಲ್ಲ.

ಜೀಪು ತಂದದ್ದು ತಮ್ಮ. ಯಾವುದೋ ಸರ್ವೆ ಕಚೇರಿಯವರು ಓಡಿಸಿ ಓಡಿಸಿ ಬಿಸಾಕಿದ್ದ, ನಲವತ್ತು ವರ್ಷ ದಾಟಿದ, ಬಾಗಿಲಿಲ್ಲದ ಗಾಡಿ. ಸಬ್‌ಸ್ಟೇಷನ್ನಿನ ಹಿಂದೆ ಬಳ್ಳಿ ಹಬ್ಬಿಸಿಕೊಂಡು ನಿಂತಿತ್ತು. ಅದನ್ನು ಒಂದು ಭಾನುವಾರ ಬೆಳಿಗ್ಗೆ ಟ್ರ್ಯಾಕ್ಟರಿಗೆ ಕಟ್ಟಿ ಎಳೆತಂದ.

"ಅಣ್ಣ, ಹೊರಗೆ ಬಾ. ಗಾಡಿ ತಂದಿದೀನಿ."

ಮೇಸ್ತ್ರಿ ಅದರ ಸುತ್ತ ಒಂದು ಸುತ್ತು ಬಂದರು. "ಇದು ಗಾಡಿನಾ? ಇದರೊಳಗೆ ಹಕ್ಕಿ ಮೊಟ್ಟೆ ಇಟ್ಟಿದೆ."

"ಮೊಟ್ಟೆ ತೆಗೆದ್ರೆ ಗಾಡಿ."

ಆಮೇಲೆ ಆರು ವರ್ಷ ಭಾನುವಾರಗಳೆಲ್ಲ ಅದಕ್ಕೇ ಹೋದವು. ಹಿತ್ತಿಲಲ್ಲಿ ತಗಡಿನ ಚಪ್ಪರ ಎದ್ದಿತು. ಭಾರ ಎತ್ತುವ, ಬಡಿಯುವ, ತುಕ್ಕು ಕೆರೆಯುವ ಕೆಲಸ ತಮ್ಮನದು. ಸಣ್ಣ ಕೆಲಸ ಅಣ್ಣನದು. ಕಾರ್ಬೊರೇಟರಿನ ಸೂಜಿಗಣ್ಣಿನಂಥ ತೂತುಗಳನ್ನು ಅವರು ಹಲ್ಲಿನ ಬ್ರಷ್ಷಿನ ಕೂದಲಲ್ಲಿ ಬಿಡಿಸಿದರು. ಗೇರಿನ ಕೋಲಿನ ಗುಂಡು ಒಡೆದಿತ್ತೆಂದು ಒಸಡಿನ ಗುಲಾಬಿ ಬಣ್ಣದ ಅಕ್ರಿಲಿಕ್ಕಿನಲ್ಲೇ ಹೊಸದು ಎರಕ ಹೊಯ್ದರು. ಅದನ್ನು ನೋಡಿದವರೆಲ್ಲ ನಕ್ಕರು. ಗೇರ್‌ಬಾಕ್ಸು ಬಿಚ್ಚಿದ ದಿನ ಒಳಗಿನ ಚಕ್ರಕ್ಕೆ ಎರಡು ಹಲ್ಲು ಮುರಿದಿದ್ದು ಕಂಡು ತಮ್ಮ, "ನಿನ್ನ ಹತ್ರಾನೇ ಬಂದಿದೆ ನೋಡು, ಸೆಟ್ಟು ಕಟ್ಟಿಕೊಡು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಗಾಡಿ ಓಡತೊಡಗಿದ ಮೇಲೆ ತಮ್ಮ ರಜೆ ಸಿಕ್ಕಾಗಲೆಲ್ಲ ಊರಾಚೆಯ ಗುಡ್ಡಕ್ಕೆ, ಹಳೇ ಕಲ್ಲುಕ್ವಾರಿಯ ದಾರಿಗೆ ಹೊರಟುಬಿಡುತ್ತಿದ್ದ. ಮೇಸ್ತ್ರಿ ಒಮ್ಮೆಯೂ ಜೊತೆಗೆ ಹೋಗಲಿಲ್ಲ. ಅವರಿಗೆ ಬಿಚ್ಚುವುದು, ಕೂಡಿಸುವುದು ಬೇಕಿತ್ತು. ಸಂಜೆ ಕೆಸರು ಮೆತ್ತಿಕೊಂಡು ಬಂದ ಗಾಡಿಯ ಕೆಳಗೆ ಮಲಗಿ, ಎಲ್ಲೆಲ್ಲಿ ಏನೇನು ಸಡಿಲವಾಗಿದೆ ಎಂದು ಬೆರಳಿಟ್ಟು ನೋಡುವುದೇ ಅವರ ಸವಾರಿ.

ಹಾಗೆ ಮಲಗಿ ನೋಡುವಾಗಲೇ ಬ್ರೇಕಿನ ಪೈಪುಗಳು ತುಕ್ಕು ತಿಂದದ್ದು ಅವರ ಕಣ್ಣಿಗೆ ಬಿತ್ತು. ಆ ಕಾಲದ ಗಾಡಿಗಳಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಎಣ್ಣೆ. ಒಂದು ಕಡೆ ಸೋರಿದರೆ ನಾಲ್ಕಕ್ಕೂ ಬ್ರೇಕಿಲ್ಲ.

"ಪೈಪೆಲ್ಲ ಬದಲಾಯಿಸೋಣ. ತಾಮ್ರದ್ದು ಹಾಕ್ತೀನಿ. ಹಾಗೇ ಒಂದು ಬೂಸ್ಟರೂ ಕೂರಿಸ್ತೀನಿ, ಕಾಲಿಗೆ ಹಗುರ ಆಗತ್ತೆ" ಎಂದರು.

"ಹಳೇದೇ ಇರ್ಲಿ ಬಿಡಣ್ಣ. ಒತ್ತಿದ್ರೆ ನಿಲ್ಲತ್ತೆ, ಇನ್ನೇನು ಬೇಕು?"

"ನಿಲ್ಲೋ ತನಕ ನಿಲ್ಲತ್ತೆ. ನೀನು ಗುಡ್ಡ ಇಳಿಯೋನು."

ಮೇಸ್ತ್ರಿ ಪಟ್ಟು ಹಿಡಿದರು. ಮೂರು ಭಾನುವಾರ ಕೂತು ಹೊಸ ಪೈಪು ಬಗ್ಗಿಸಿದರು. ಪ್ರತಿ ಪೈಪಿನ ತುದಿಯನ್ನು ತುತ್ತೂರಿಯ ಬಾಯಿಯ ಹಾಗೆ ಅಗಲಿಸಿ ಜಾಯಿಂಟಿನೊಳಗೆ ಕೂರಿಸಿ ನಟ್ಟು ಬಿಗಿಯಬೇಕು. ಆ ಬಾಯಿ ಸರಿಯಾಗಿ ಕೂತರೆ ಎಣ್ಣೆ ನಿಲ್ಲುತ್ತದೆ. ಗ್ಯಾರೇಜಿನಲ್ಲಿ ಮಾಡಿಸೋಣ ಎಂದು ತಮ್ಮ ಅಂದದ್ದಕ್ಕೆ, "ಬಾಯಿ ಕೆಲಸ ನನಗಿಂತ ಅವನಿಗೆ ಗೊತ್ತಾ?" ಎಂದುಬಿಟ್ಟರು. ಅಂಥ ಜಂಬದ ಮಾತು ಅವರ ಬಾಯಿಂದ ನಾನು ಕೇಳಿದ್ದು ಅದೊಂದೇ ಸಲ.

ಎರಡು ವಾರ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ತಮ್ಮ ಕ್ವಾರಿಯ ಇಳಿಜಾರಿನಲ್ಲಿ ಗಾಡಿ ಸಮೇತ ಕೆಳಗೆ ಹೋದ. ಜೊತೆಗೆ ಯಾರೂ ಇರಲಿಲ್ಲ. ಮೂರನೇ ತಿರುವಿನಲ್ಲಿ ತಿರುಗದೆ ನೇರ ಹೋಗಿದೆ. ಸದ್ದು ಕೇಳಿ ಬಂದ ಇಬ್ಬರು ಕಲ್ಲು ಕೆಲಸದವರು ಅವನನ್ನು ಹೊತ್ತು ರಸ್ತೆಗೆ ತಂದರು. ಅವನು ಸಾಯಲಿಲ್ಲ. ಬೆನ್ನುಮೂಳೆ ಮುರಿಯಿತು. ಮೂರು ತಿಂಗಳು ಆಸ್ಪತ್ರೆಯಲ್ಲಿದ್ದು ಬಂದ ಮೇಲೆ ಸೊಂಟದಿಂದ ಕೆಳಗೆ ಅವನ ಮೈ ಅವನದಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಅವನು ಕಣ್ಣು ಬಿಟ್ಟ ದಿನವೇ ಮೇಸ್ತ್ರಿ ಕೇಳಿದರಂತೆ, "ಬ್ರೇಕು ಹಿಡೀಲಿಲ್ವಾ?"

"ಗೊತ್ತಿಲ್ಲಣ್ಣ. ಮೇಲೆ ಗಾಡಿ ನಿಲ್ಲಿಸಿ ನೀರು ಕುಡಿದದ್ದು ನೆನಪಿದೆ. ಆಮೇಲೆ ಈ ಫ್ಯಾನು."

ಮೇಸ್ತ್ರಿ ಜಜ್ಜಿಹೋದ ಗಾಡಿಯನ್ನು ಮನೆಗೆ ತರಿಸಿದರು. ಅದನ್ನು ಮೇಲೆತ್ತುವ ಹೊತ್ತಿಗೆ ನಾಲ್ಕು ದಿನ ಮಳೆ ಹೊಯ್ದಿತ್ತು. ಚಕ್ರಕ್ಕೆ ಎಣ್ಣೆ ಸೋರಿದ ಕಲೆ ಇತ್ತೋ ಇಲ್ಲವೋ, ಎಲ್ಲ ತೊಳೆದುಹೋಗಿತ್ತು. ಅವರು ಚಪ್ಪರದಡಿ ಹಾಳೆ ಹಾಸಿ, ಒಂದೊಂದೇ ಭಾಗ ಬಿಚ್ಚಿ ಸಾಲಾಗಿ ಇಟ್ಟರು. ಭಾನುವಾರದ ಮೇಲೆ ಭಾನುವಾರ ಹೋಯಿತು. ತಮ್ಮನ ಮಂಚ ಹಿತ್ತಿಲ ಕಡೆಯ ಕಿಟಕಿಗೇ ಇತ್ತು. ಅವನು ಮಲಗಿದ್ದಲ್ಲಿಂದಲೇ ಎಲ್ಲ ನೋಡುತ್ತಿದ್ದ. ಅವನ ಹೆಂಡತಿ ಫ್ಯಾಕ್ಟರಿ ಬಿಟ್ಟಿದ್ದಳು. ಎರಡೆರಡು ಗಂಟೆಗೊಮ್ಮೆ ಅವನನ್ನು ಮಗ್ಗುಲು ಬದಲಾಯಿಸಬೇಕಿತ್ತು.

ಹಿಂದಿನ ಚಕ್ರಕ್ಕೆ ಹೋಗುವ ಪೈಪಿನ ಬಾಯಲ್ಲಿ ಕೂದಲೆಳೆಯಷ್ಟು ಸೀಳು ಸಿಕ್ಕಿತು. ಮೇಸ್ತ್ರಿ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಲಾರಿಗಳ ಬ್ರೇಕು ಮಾಡಿ ಮಾಡಿ ಮುದುಕನಾದ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ಹೋದರು. ನಾನೂ ಜೊತೆಗಿದ್ದೆ. ಮುದುಕ ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ.

"ಗಾಡಿ ಬಿದ್ದಾಗ ಪೈಪು ಜಗ್ಗಿದ್ರೂ ಹೀಗೇ ಸೀಳತ್ತೆ. ಮೊದಲೇ ಸೀಳಿದ್ರೂ ಹೀಗೇ ಇರತ್ತೆ. ಹೇಳಕ್ಕಾಗಲ್ಲ."

"ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀರಿ."

"ಅದಕ್ಕೇ ಹೇಳಕ್ಕಾಗಲ್ಲ ಅಂದೆ."

ಮೇಸ್ತ್ರಿ ಅಷ್ಟಕ್ಕೆ ಬಿಡಲಿಲ್ಲ. ಅದೇ ತಾಮ್ರದ ಪೈಪು ತಂದು, ಅದೇ ಸಲಕರಣೆಯಲ್ಲಿ ಒಂದರ ಮೇಲೊಂದು ಬಾಯಿ ಅಗಲಿಸಿ, ಬಿಗಿದು, ಎಣ್ಣೆ ತುಂಬಿ ಒತ್ತಿ ನೋಡತೊಡಗಿದರು. ಹತ್ತು ನಿಂತವು. ಇಪ್ಪತ್ತು ನಿಂತವು. ಅವರ ಮುಖ ಸ್ವಲ್ಪ ಗೆಲುವಾದದ್ದನ್ನು ನಾನು ಕಂಡೆ. ಮೂವತ್ತೊಂದನೆಯದು ಸೀಳಿತು. ಗೋಡೆಯ ಹತ್ತಿರ ಬಂದು ಅದನ್ನು ನನ್ನ ಅಂಗೈ ಮೇಲಿಟ್ಟರು. ನಾನು ತಿರುಗಿಸಿ ಸೀಳು ನೋಡಿದೆ. ಹಿಂದಿರುಗಿಸಿದೆ.

ಅಲ್ಲಿಂದ ಅವರ ಹಲ್ಲಿನ ಕೆಲಸವೂ ಕೆಟ್ಟಿತು. ಕೆಟ್ಟಿತೆಂದರೆ ಕೈ ಕೆಡಲಿಲ್ಲ, ನಂಬಿಕೆ ಕೆಟ್ಟಿತು. ಮುಗಿಸಿದ ಸೆಟ್ಟನ್ನು ಮತ್ತೆ ಮುರಿದು ಮೊದಲಿನಿಂದ ಕಟ್ಟುತ್ತಿದ್ದರು. ವಾರದಲ್ಲಿ ಆಗುವುದು ತಿಂಗಳು ಹಿಡಿಯುತ್ತಿತ್ತು. ವೈದ್ಯರು ಫೋನಿನ ಮೇಲೆ ಫೋನು ಮಾಡಿ, ಕೊನೆಗೆ ಇಬ್ಬರು ಬೇರೆ ಕಡೆ ಕಳಿಸತೊಡಗಿದರು. ಭಾನುವಾರ ಹಿತ್ತಿಲಿಗೆ ಬಂದು ಬಿಚ್ಚಿಟ್ಟ ಭಾಗಗಳ ನಡುವೆ ಸುಮ್ಮನೆ ಕೂರುತ್ತಿದ್ದರು. ಬಿಚ್ಚಲು ಏನೂ ಉಳಿದಿರಲಿಲ್ಲ.

ಆಗ ಒಂದು ದಿನ ತಮ್ಮ ಕಿಟಕಿಯಿಂದ ಕೂಗಿದ.

"ಅಣ್ಣ, ಅದನ್ನ ಮತ್ತೆ ಕೂಡಿಸು. ಕೈಯಲ್ಲೇ ಓಡಿಸೋ ಹಾಗೆ ಮಾಡು. ಬ್ರೇಕು, ಕ್ಲಚ್ಚು, ಆಕ್ಸಿಲರೇಟರು, ಎಲ್ಲಾ ಕೈಗೆ ತಾ."

"ಏನಕ್ಕೆ?"

"ಏನಕ್ಕೆ ಅಂದ್ರೆ? ನನ್ನ ಕೈ ಚೆನ್ನಾಗೇ ಇದೆಯಲ್ಲ. ಎಷ್ಟು ದಿನ ಅಂತ ಈ ಸೂರು ನೋಡ್ಲಿ?"

ಮೇಸ್ತ್ರಿ ಎದ್ದು ನಿಂತರು. ಆವತ್ತು ಸಂಜೆಯೇ ಅಳತೆ ಹಿಡಿದರು. ಹದಿನಾಲ್ಕು ತಿಂಗಳ ಕೆಲಸ. ಜಜ್ಜಿದ ಮೈಯನ್ನು ತಟ್ಟಿ ಎತ್ತಿದರು, ಅಡಿಯ ಚಾಸಿಗೆ ಬೆಸುಗೆ ಹಾಕಿಸಿದರು. ಈ ಸಲ ಪೈಪಿನ ಒಂದು ಬಾಯಿಯನ್ನೂ ತಾವು ಮುಟ್ಟಲಿಲ್ಲ. ಬ್ರೇಕಿನ ಕೆಲಸವೆಲ್ಲ ಆ ಮುದುಕನಿಗೇ ಒಪ್ಪಿಸಿ, ಪಕ್ಕದಲ್ಲಿ ಕೈಕಟ್ಟಿ ನಿಂತರು. ಮುಂದಿನ ಚಕ್ರಕ್ಕೆ ಬೇರೆ ಎಣ್ಣೆ, ಹಿಂದಿನದಕ್ಕೆ ಬೇರೆ ಎಣ್ಣೆ ಮಾಡಿಸಿದರು. ಸ್ಟೀರಿಂಗಿನ ಕೆಳಗೆ ಎರಡು ಸನ್ನೆಕೋಲು ಬಂದವು, ಒಂದು ಕ್ಲಚ್ಚಿಗೆ, ಇನ್ನೊಂದು ಒತ್ತಿದರೆ ಓಟಕ್ಕೆ, ಎಳೆದರೆ ಬ್ರೇಕಿಗೆ. ತಮ್ಮನ ಕೈಯ ಅಚ್ಚನ್ನು ಮೇಣದಲ್ಲಿ ತೆಗೆದು, ಅದೇ ಆಕಾರದ ಹಿಡಿ ಮಾಡಿದರು. ಬೆನ್ನು ನಿಲ್ಲುವ ಹಾಗೆ ಎತ್ತರದ ಸೀಟು, ಎದೆಗೆ, ಸೊಂಟಕ್ಕೆ ಪಟ್ಟಿ. ಸೀಟಿನ ಚರ್ಮ ಹೊಲಿದದ್ದು ತಮ್ಮನ ಹೆಂಡತಿ. ಹೊಲಿಯುತ್ತಿದ್ದವಳು ಒಂದು ದಿನ ಕೇಳಿದಳು:

"ಭಾವ, ಅವರನ್ನ ನಿಜವಾಗ್ಲೂ ಇದರಲ್ಲಿ ಕೂರಿಸ್ತೀರಾ?"

"ಅವನೇ ಕೇಳಿದ್ದಮ್ಮ."

"ಹೂಂ" ಎಂದಳು.

ಗಾಡಿ ಮುಗಿದ ಭಾನುವಾರ ನಾವು ನಾಲ್ಕು ಜನ ಅವನನ್ನು ಎತ್ತಿ ಸೀಟಿನಲ್ಲಿ ಕೂರಿಸಿದೆವು. ಕಂಬ ಹತ್ತುತ್ತಿದ್ದ ಆಳು ಮಗುವಿನಷ್ಟು ಹಗುರವಾಗಿದ್ದ. ಪಟ್ಟಿ ಕಟ್ಟಿದರು. ಇಂಜಿನು ಒಂದೇ ಸಲಕ್ಕೆ ಶುರುವಾಯಿತು. ಮೇಸ್ತ್ರಿ ಪಕ್ಕದ ಸೀಟು ಹತ್ತಿದರು. ಆ ಗಾಡಿಯಲ್ಲಿ ಅವರು ಕೂತದ್ದು ಅದೇ ಮೊದಲು. ತಮ್ಮ ಸನ್ನೆಕೋಲು ಒತ್ತಿದ. ಗಾಡಿ ಹಿತ್ತಿಲಲ್ಲಿ ತನ್ನ ಉದ್ದದ ಒಂದೂವರೆ ಪಟ್ಟು ಮುಂದೆ ಹೋಯಿತು. ಬ್ರೇಕು ಎಳೆದ. ನಿಂತಿತು.

"ನಿಂತಿತು ನೋಡಣ್ಣ" ಎಂದ.

ಅಷ್ಟು ಹೊತ್ತಿಗೆ ಅವನ ಕಾಲುಗಳು ತಮ್ಮಷ್ಟಕ್ಕೆ ತಾವೇ ಅದುರತೊಡಗಿದ್ದವು, ಮುಖ ಬಿಳುಚಿಕೊಂಡಿತ್ತು. ಆದರೂ ಇಳಿಸಲು ಬಿಡಲಿಲ್ಲ. ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಎಂದು ಅರ್ಧ ಗಂಟೆ ಹಾಗೇ ಕೂತ. ಅಣ್ಣನ ಜೊತೆ ಗೇರಿನ ಬಗ್ಗೆ, ಇಂಜಿನ್ನಿನ ಸದ್ದಿನ ಬಗ್ಗೆ ಮಾತಾಡಿದ. ಆಮೇಲೆ "ಸಾಕು" ಎಂದ.

ರಾತ್ರಿ ಬಟ್ಟೆ ಬದಲಿಸುವಾಗ ಹೆಂಡತಿಗೆ ಅವನ ಹಿಂಭಾಗದಲ್ಲಿ ಕೆಂಪಗೆ ಕಂದಿದ ಗುರುತು ಕಂಡಿತಂತೆ. ಸೀಟಿನ ಹೊಲಿಗೆ ಒತ್ತಿದ ಜಾಗ. ಅವನಿಗೆ ಅಲ್ಲಿ ನೋವು ತಿಳಿಯುವಂತಿರಲಿಲ್ಲ. ಕಂದಿದ್ದು ಹುಣ್ಣಾಯಿತು, ಹುಣ್ಣು ಆಳಕ್ಕೆ ಇಳಿಯಿತು. ವೈದ್ಯರು, "ಇಂಥವರಿಗೆ ಹುಣ್ಣು ಆಗೇ ಆಗತ್ತೆ, ಇವತ್ತಲ್ಲ ನಾಳೆ. ಆ ದಿನದಿಂದಲೇ ಬಂತು ಅಂತ ಹೇಳಕ್ಕಾಗಲ್ಲ" ಎಂದರು. ಐದು ತಿಂಗಳು ನರಳಿ, ಹುಣ್ಣಿನ ನಂಜು ರಕ್ತಕ್ಕೆ ಏರಿ, ತಮ್ಮ ಹೋದ.

ಹೇಳಕ್ಕಾಗಲ್ಲ ಎಂಬ ಮಾತು ಮೇಸ್ತ್ರಿ ಕೇಳಿದ್ದು ಅದು ಎರಡನೆಯ ಸಲ.

ತಮ್ಮ ಹೋಗಿ ತಿಂಗಳಾದ ಮೇಲೆ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ತಮ್ಮನ ಹೆಂಡತಿಯನ್ನು ಕೇಳಿದರು. ಇದನ್ನು ಅವರೇ ನನಗೆ ಹೇಳಿದ್ದು, ಒಂದಕ್ಷರ ಬಿಡದೆ. ಅವಳು ಅವನ ಬಟ್ಟೆಗಳನ್ನು ಮಡಚುತ್ತಿದ್ದಳಂತೆ.

"ಆವತ್ತು ಏನಾಯ್ತು ಅಂತ ಅವನಿಗೆ ಕೊನೇವರೆಗೂ ನೆನಪಾಗ್ಲೇ ಇಲ್ವಾ?"

"ನೆನಪಾಯ್ತು ಭಾವ. ಮನೆಗೆ ಬಂದು ಎರಡು ತಿಂಗಳಿಗೇ ನೆನಪಾಯ್ತು."

"ಏನಂದ?"

"ನಿಮಗೆ ಹೇಳ್ಬೇಡ ಅಂತ ನನ್ನಿಂದ ಮಾತು ತಗೊಂಡಿದಾರೆ."

"ಒಳ್ಳೇದಿದ್ದಿದ್ರೆ ಅವನೇ ಹೇಳ್ತಿದ್ದ."

"ನಾನು ಹಾಗಂದಿಲ್ಲ."

"ಹಾಗಲ್ಲ ಅಂತಾನೂ ಅಂತಿಲ್ಲ."

ಅವಳು ಮಡಚಿದ ಷರ್ಟನ್ನೇ ಬಿಚ್ಚಿ ಮತ್ತೆ ಮಡಚಿದಳು. ಆಮೇಲೆ, ಬೈಯುವ ಹಾಗೇನೂ ಅಲ್ಲ, ದಣಿದವರು ಹೇಳುವ ಹಾಗೆ ಹೇಳಿದಳು: "ಕೈಯಲ್ಲಿ ಓಡಿಸೋ ಗಾಡಿನೂ ಅವರಿಗೆ ಬೇಕಿರ್ಲಿಲ್ಲ ಭಾವ. ನೀವು ಭಾನುವಾರ ಹಾಗೆ ಸುಮ್ಮನೆ ಕೂತಿರೋದನ್ನ ಅವರಿಗೆ ಕಿಟಕಿಯಿಂದ ನೋಡಕ್ಕಾಗ್ತಿರ್ಲಿಲ್ಲ. ಅದಕ್ಕೇ ಕೇಳಿದ್ರು."

ಮೇಸ್ತ್ರಿ ಇಷ್ಟು ಹೇಳಿ ನನ್ನ ಮುಖ ನೋಡಿದರು. ನಾನು, ಬಹುಶಃ ಅವನೇ ಏನೋ ಹುಚ್ಚಾಟ ಆಡಿ ಬಿದ್ದಿರಬೇಕು, ಅದನ್ನು ಹೇಳಿಕೊಳ್ಳಲು ನಾಚಿಕೆಯಾಗಿ ಮುಚ್ಚಿಟ್ಟಿರಬೇಕು ಎಂದೆ. ಅವರು ಅಲ್ಲವೆಂದು ತಲೆಯಾಡಿಸಿದರು. "ನೂರು ಸಲ ಹಾಗೇ ಅಂದ್ಕೊಂಡಿದೀನಿ. ಅವನು ನಾಚಿಕೊಳ್ಳೋ ಆಸಾಮಿ ಅಲ್ಲ" ಎಂದರು.

ಗಾಡಿಗೆ ಗಿರಾಕಿ ಬಂದ. ಹಳೇ ಜೀಪುಗಳ ಹುಚ್ಚಿನವನು, ಪಕ್ಕದ ಊರಿನವನು. ಅವನದೂ ಒಂದು ಕಾಲು ಸೊರಗಿ ಸಣ್ಣದಾಗಿತ್ತು. ಕೈಯಲ್ಲಿ ಓಡಿಸುವ ಇಂಥ ಗಾಡಿಯನ್ನು ಎಲ್ಲೂ ಕಂಡಿಲ್ಲವೆಂದು ಸುತ್ತ ಸುತ್ತ ತಿರುಗಿದ, ಸನ್ನೆಕೋಲನ್ನು ಹಿಡಿದು ಹಿಡಿದು ಬಿಟ್ಟ. ಮೇಸ್ತ್ರಿ ಕೊಡುವುದಿಲ್ಲವೆಂದರು.

"ಇಟ್ಟುಕೊಂಡು ಏನ್ ಮಾಡ್ತೀರಿ ಸಾರ್? ತುಕ್ಕು ಹಿಡಿಯತ್ತೆ. ನನಗಾದ್ರೆ ಉಪಯೋಗಕ್ಕೆ ಬರತ್ತೆ."

"ಇದರ ಬ್ರೇಕು ನಂಬಿಕೊಂಡು ನೀವು ಹೋಗೋದು ನನಗೆ ಬೇಡ."

"ಬ್ರೇಕು ನೋಡಿದೆನಲ್ಲ ಸಾರ್, ಗಟ್ಟಿಯಾಗಿದೆ."

"ಹೌದು. ಆವತ್ತೂ ಗಟ್ಟಿಯಾಗೇ ಇತ್ತು" ಎಂದು ಒಳಗೆ ಹೋದರು. ಆ ಮನುಷ್ಯ ನನ್ನ ಕಡೆ ತಿರುಗಿ, ಇವರಿಗೆ ತಲೆ ಸರಿ ಇದೆಯಾ ಎಂದು ಕಣ್ಣಲ್ಲೇ ಕೇಳಿದ.

ಅದರ ಮುಂದಿನ ಭಾನುವಾರದಿಂದ ಮೇಸ್ತ್ರಿ ಗಾಡಿಯನ್ನು ಕತ್ತರಿಸತೊಡಗಿದರು. ಗ್ಯಾಸಿನಲ್ಲಿ ಕತ್ತರಿಸುವವನನ್ನು ಕರೆಸಿದ್ದರೆ ಒಂದು ಮಧ್ಯಾಹ್ನದ ಕೆಲಸ. ಅವರು ಕೈಗರಗಸ ಹಿಡಿದರು. ಆರು ವರ್ಷ ಕೂಡಿಸಿದ್ದು, ಹದಿನಾಲ್ಕು ತಿಂಗಳು ಮತ್ತೆ ಕೂಡಿಸಿದ್ದು, ಒಂಬತ್ತು ಭಾನುವಾರಕ್ಕೆ ತುಂಡುಗಳಾಯಿತು. ನಾನು ಸಹಾಯಕ್ಕೆ ಹೋದೆ, ಬೇಡವೆಂದರು. ಗುಜರಿಯವನು ಮೂರು ಸಲ ಬಂದು ಹೇರಿಕೊಂಡು ಹೋದ.

ತಮ್ಮನ ಹೆಂಡತಿ ಮತ್ತೆ ಫ್ಯಾಕ್ಟರಿಗೆ ಹೋಗತೊಡಗಿದಳು. ಬೆಳಿಗ್ಗೆ ಬೇಯಿಸಿಟ್ಟು ಹೋಗುವಳು, ಸಂಜೆ ಬಂದು ಬಡಿಸುವಳು. ಇಬ್ಬರೂ ಅಡುಗೆಮನೆಯಲ್ಲಿ ಎದುರುಬದುರು ಕೂತು ಉಣ್ಣುವುದು ನನಗೆ ಗೋಡೆಯ ಮೇಲಿಂದ ಕಾಣುತ್ತಿತ್ತು. ಮೇಸ್ತ್ರಿ ಆ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಲಿಲ್ಲ. ಆದರೆ ಪ್ರತಿ ತುತ್ತಿಗೂ ಕೇಳುತ್ತಿದ್ದ ಹಾಗೆ ಅವಳ ಮುಖ ನೋಡುತ್ತಿದ್ದರು. ಅದು ಅವಳಿಗೂ ಗೊತ್ತಾಗುತ್ತಿತ್ತು. ಎರಡು ವರ್ಷ ಹಾಗೇ ನಡೆಯಿತು. ಕೊನೆಗೆ ಅವಳು ಫ್ಯಾಕ್ಟರಿಯ ಹತ್ತಿರ ಒಂದು ಕೋಣೆ ಹಿಡಿದಳು. ಬಸ್ಸಿನಲ್ಲಿ ಓಡಾಡಿ ಸುಸ್ತಾಗುತ್ತೆ ಭಾವ, ಎಂದಳು. ಅವರು ಸರಿಯಮ್ಮ ಎಂದರು.

ಸಾಮಾನು ಒಯ್ಯಲು ಒಂದು ಪುಟ್ಟ ಟೆಂಪೊ ಬಂತು. ಮಂಚ, ಹೊಲಿಗೆ ಮೆಷಿನ್ನು, ಪಾತ್ರೆಯ ಡಬ್ಬ, ಎರಡು ಪೆಟ್ಟಿಗೆ. ಮೇಸ್ತ್ರಿಯೇ ಹೇರಿಸಿ ಹಗ್ಗ ಕಟ್ಟಿದರು. ಕಟ್ಟಿದ್ದನ್ನು ಬಿಚ್ಚಿ ಮತ್ತೆ ಕಟ್ಟಿದರು. ಮೂರನೇ ಸಲ ಬಿಚ್ಚಲು ಹೋದಾಗ ಡ್ರೈವರು, "ಯಜಮಾನ್ರೇ, ಆರು ಕಿಲೋಮೀಟರು ಅಷ್ಟೇ, ಬಿಡಿ" ಎಂದ. ಅವರು ಕೈ ತೆಗೆದರು.

ಅವಳು ಮುಂದಿನ ಸೀಟಿನಲ್ಲಿ ಕೂತು, "ಹುಷಾರು ಭಾವ. ಹೊತ್ತಿಗೆ ಸರಿಯಾಗಿ ಊಟ ಮಾಡಿ" ಎಂದಳು. ಮೇಸ್ತ್ರಿ ಬಾಗಿಲ ಅಂಚು ಹಿಡಿದು ನಿಂತಿದ್ದರು. ಏನೋ ಕೇಳುವವರ ಹಾಗೆ ಬಾಯಿ ತೆರೆದರು. ಅವಳು ಕಣ್ಣು ತಗ್ಗಿಸಿದಳು.

"ನಿಧಾನಕ್ಕೆ ಓಡಿಸೋಕೆ ಹೇಳಮ್ಮ" ಎಂದಷ್ಟೇ ಹೇಳಿ ಬಾಗಿಲು ಬಿಟ್ಟರು.